ಎಪ್ಪತ್ತೈದು ವರ್ಷದ ಕಾಗದ

ಮಳಗಿಯ ಕಡೆಯ ಒಂದು ಕೇರಿಯಲ್ಲಿ ಅಜ್ಜಿಯೊಬ್ಬಳು ತನ್ನ ಪ್ಲಾಸ್ಟಿಕ್ ಚೀಲವನ್ನು ನಮ್ಮ ಮುಂದೆ ಸುರಿದಳು. ರೇಷನ್ ಕಾರ್ಡು, ಓಟಿನ ಕಾರ್ಡು, ಕರೆಂಟು ಬಿಲ್ಲು, ಗಂಡ ಸತ್ತದ್ದರ ದಾಖಲೆ, ಮಗ ಶಾಲೆ ಬಿಟ್ಟದ್ದರ ದಾಖಲೆ. ಎಲ್ಲಕ್ಕೂ ಕೆಳಗೆ, ಮಡಿಕೆ ಮಡಿಕೆಗೂ ಹರಿದಿದ್ದ ಎರಡು ದಂಡದ ಪಾವತಿ. ಕಾಡಿನ ನೆಲ ಉತ್ತಿದ್ದಕ್ಕೆ ಅವಳ ಗಂಡ ಕಟ್ಟಿದ ದಂಡ. "ನನ್ನ ಹತ್ರ ಇಷ್ಟ ಐತಿ ನೋಡೋ ತಮ್ಮಾ. ಎಪ್ಪತ್ತೈದು ವರ್ಸದ ಕಾಗದ ತಾ ಅಂತಾರ. ನಾ ಹುಟ್ಟಿ ಅಷ್ಟು ವರ್ಸ ಆಗಿಲ್ಲ. ಎಲ್ಲಿಂದ ತರ್ಲಿ?" ಅಂದಳು.

ನಮಗೆ ಆಗ ಉತ್ತರ ಗೊತ್ತಿರಲಿಲ್ಲ. ಮನೆತನದಲ್ಲೇ ಮೊದಲು ಪದವಿ ಓದಿದವರು ಎಂದು ಕೇರಿ ನಮ್ಮನ್ನು ಕರೆಯುತ್ತದೆ. ಅರ್ಜಿ ಬರೆಸಲು, ನೋಟೀಸು ಓದಿಸಲು ಕರೆಯುತ್ತದೆ. ಆದರೆ ನೋಟೀಸು ಓದಲು ಬಂದ ಮಾತ್ರಕ್ಕೆ ಅದರ ಹಿಂದಿನ ಚರಿತ್ರೆ ಓದಲು ಬಂದಂತಾಗುವುದಿಲ್ಲ. ಆ ಚರಿತ್ರೆಯನ್ನು ಹುಡುಕಿಕೊಂಡು ಹೋದಾಗ ಸಿಕ್ಕದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಕಾಡು ಉಳಿಸುವ ಕಾನೂನು ದಿಲ್ಲಿಯಲ್ಲೋ ಬೆಂಗಳೂರಲ್ಲೋ ಹುಟ್ಟುತ್ತದೆ. ಅದು ನಮ್ಮ ಕೇರಿಗೆ ಬರುವಾಗ ಒಬ್ಬ ಗಾರ್ಡನ ರೂಪದಲ್ಲಿ, ಒಬ್ಬ ತಲಾಠಿಯ ರೂಪದಲ್ಲಿ, ಒಂದು ಅಚ್ಚಾದ ಫಾರಮ್ಮಿನ ರೂಪದಲ್ಲಿ ಬರುತ್ತದೆ. ನಮಗೆ ಕಾನೂನು ಎಂದರೆ ಆ ಮನುಷ್ಯ ಹೇಗೆ ನಡೆದುಕೊಂಡ ಎನ್ನುವುದೇ.

ಮೊದಲು ಲೆಕ್ಕ ಹಾಕೋಣ. 2006ರ ಅರಣ್ಯ ಹಕ್ಕು ಕಾಯಿದೆ ಇಟ್ಟುಕೊಂಡ ತಾರೀಖು 13 ಡಿಸೆಂಬರ್ 2005. ಅಲ್ಲಿಂದ ಎಪ್ಪತ್ತೈದು ವರ್ಷ ಹಿಂದಕ್ಕೆ ಹೋದರೆ 1930ನೇ ಇಸವಿ. ಅಂದರೆ ಕಚೇರಿ ಆ ಅಜ್ಜಿಯನ್ನು ಕೇಳುತ್ತಿರುವುದು 1930ರ ಕಾಗದವನ್ನು.

1930ರಲ್ಲಿ ನಮ್ಮವರ ಸ್ಥಿತಿ ಏನಿತ್ತು? ಆಗ ಈ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅದೇ ವರ್ಷದ ಮಾರ್ಚಿನಲ್ಲಿ ಬಾಬಾಸಾಹೇಬರು ನಾಸಿಕದ ಕಾಳಾರಾಮ ದೇವಸ್ಥಾನದ ಬಾಗಿಲಲ್ಲಿ ಸತ್ಯಾಗ್ರಹಕ್ಕೆ ನಿಂತರು. ಅದೇ ವರ್ಷ ಮುಂಬಯಿ ಸರ್ಕಾರಕ್ಕೆ ಒಂದು ವರದಿ ಹೋಯಿತು. ಅಸ್ಪೃಶ್ಯರ ಮತ್ತು ಆದಿವಾಸಿಗಳ ಸ್ಥಿತಿ ನೋಡಲು 1928ರಲ್ಲಿ ನೇಮಿಸಿದ್ದ, ಸ್ಟಾರ್ಟ್ ಎಂಬ ಅಧಿಕಾರಿಯ ನೇತೃತ್ವದ ಆ ಸಮಿತಿಯಲ್ಲಿ ಬಾಬಾಸಾಹೇಬರೂ ಸದಸ್ಯರು. ಅಸ್ಪೃಶ್ಯರು ತಮ್ಮ ಹಕ್ಕನ್ನು ಚಲಾಯಿಸಲು ಹೊರಟರೆ ಮೇಲುಜಾತಿಯವರು ಅವರನ್ನು ಜಮೀನಿನಿಂದ ಎಬ್ಬಿಸುತ್ತಾರೆ, ಕೂಲಿ ನಿಲ್ಲಿಸುತ್ತಾರೆ, ಊರ ಚಾಕರಿಗೆ ಕೊಡುವ ಕಾಳುಕಡಿ ನಿಲ್ಲಿಸುತ್ತಾರೆ, ದಾರಿ ಕಟ್ಟುತ್ತಾರೆ, ಅಂಗಡಿಯಲ್ಲಿ ಸಾಮಾನು ಸಿಗದಂತೆ ಮಾಡುತ್ತಾರೆ ಎಂದು ಆ ಸಮಿತಿ ಬರೆಯಿತು. ಇದು ಸರ್ಕಾರದ್ದೇ ವರದಿ. ಹಾಗಾದರೆ ಇವತ್ತಿನ ಸಾಹೇಬರು ಕೇಳುವ 1930ರ ಕಾಗದವನ್ನು ಬರೆಯಬೇಕಾಗಿದ್ದವರು ಯಾರು? ಊರಿನ ಶಾನುಭೋಗ, ಕುಲಕರ್ಣಿ, ಪಟೇಲ. ಕೇರಿಯವನು ಅವರ ಮನೆಯ ಕಟ್ಟೆ ಹತ್ತುವಂತಿರಲಿಲ್ಲ. ಕಟ್ಟೆ ಹತ್ತದವನ ಹೆಸರು ದಫ್ತರಕ್ಕೆ ಹತ್ತುವುದು ಹೇಗೆ? ಅಂದು ಬರೆಯದೆ ಬಿಟ್ಟದ್ದನ್ನೇ ಇಂದು ತೋರಿಸು ಅನ್ನುತ್ತಾರೆ. ಈ ಅನ್ಯಾಯದ ಬೇರು ಅಲ್ಲಿದೆ.

ಇನ್ನೂ ಹಿಂದಕ್ಕೆ ಹೋಗೋಣ. 1801ರಲ್ಲಿ ಕಂಪನಿ ಸರ್ಕಾರದ ಪರವಾಗಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಈ ಸೀಮೆಯಲ್ಲಿ ಓಡಾಡಿದ. ಕಾಡು ಊರ ದೇವರದು, ದೇವಸ್ಥಾನದ ಪೂಜೆ ಮಾಡುವ ಗೌಡನ ಅಪ್ಪಣೆ ಇಲ್ಲದೆ ಮರ ಕಡಿಯುವಂತಿಲ್ಲ ಎಂದು ಜನ ಹೇಳಿದ್ದನ್ನು ಅವನು ಬರೆದುಕೊಂಡ. ಸರ್ಕಾರ ಕಾಡನ್ನು ತನ್ನದೆನ್ನದಂತೆ ತಡೆಯಲು ಜನ ಹೂಡಿದ ಉಪಾಯ ಇದು ಎಂದೂ ಅನುಮಾನಪಟ್ಟ. ಪರಿಸರದ ಬಗ್ಗೆ ಬರೆಯುವ ಪಂಡಿತರು ಈ ಮಾತನ್ನು ಎತ್ತಿ ತೋರಿಸಿ, ನೋಡಿ ನಮ್ಮ ಹಿರಿಯರು ಕಾಡನ್ನು ಹೇಗೆ ಕಾಯ್ದರು ಎನ್ನುತ್ತಾರೆ. ಕಾಯ್ದದ್ದು ನಿಜ. ಆದರೆ ಅಪ್ಪಣೆ ಕೊಡುವವನು ಗೌಡ, ದೇವರ ಅಂಗಳಕ್ಕೆ ಕಾಲಿಡಬಾರದವರು ನಾವು. ನಮ್ಮವರಿಗೆ ಅಪ್ಪಣೆ ಸಿಗುತ್ತಿತ್ತೇ, ಸಿಕ್ಕರೆ ಯಾವ ಬಿಟ್ಟಿ ಚಾಕರಿಯ ಬದಲಿಗೆ ಸಿಗುತ್ತಿತ್ತು ಎಂದು ಯಾವ ಪಂಡಿತನೂ ಕೇಳಿಲ್ಲ. ಕಾಡು ಮೊದಲು ದೇವರದಾಗಿತ್ತು, ಆಮೇಲೆ ರಾಣಿಯದಾಯಿತು, ಆಮೇಲೆ ಇಲಾಖೆಯದಾಯಿತು. ಹಳೆಯ ಕಾಲ ಬಂಗಾರದ್ದೆಂದು ನಾವು ಹಾಡುವುದಿಲ್ಲ.

ಕಾಡು ರಾಣಿಯದಾದದ್ದು ಹೀಗೆ. ಮದ್ರಾಸ್ ಸರ್ಕಾರ 1856ರಲ್ಲಿ ಕ್ಲೆಗಾರ್ನ್ ಎಂಬ ವೈದ್ಯನನ್ನು ಅರಣ್ಯಗಳ ಕನ್ಸರ್ವೇಟರನನ್ನಾಗಿ ಮಾಡಿತು. ಕನ್ನಡ ಜಿಲ್ಲೆ ಆಗ ಮದ್ರಾಸಿಗೆ ಸೇರಿತ್ತು. ಗುಡ್ಡದ ಇಳಿಜಾರಿನಲ್ಲಿ ಗಿಡಗಂಟಿ ಸವರಿ, ಸುಟ್ಟು, ಬೂದಿಯಲ್ಲಿ ರಾಗಿ ಬಿತ್ತಿ, ಮುಂದಿನ ಜಾಗಕ್ಕೆ ಹೋಗುವ ಕುಮರಿ ಬೇಸಾಯ ಬಡವರ ಬೇಸಾಯವಾಗಿತ್ತು. ಕುಮರಿಯಿಂದ ಕಾಡು ಹಾಳಾಗುತ್ತದೆ ಎಂದು ಕ್ಲೆಗಾರ್ನ್ ವಾದಿಸಿದ. 1860ರಲ್ಲಿ ಸರ್ಕಾರಿ ಕಾಡಿನಲ್ಲಿ ಅನುಮತಿಯಿಲ್ಲದ ಕುಮರಿಯನ್ನು ನಿಲ್ಲಿಸಿದರು. ಇದೇ ಕಾಲದಲ್ಲಿ ಈ ಕಾಡಿನ ಸಾಗವಾನಿ ಹಡಗು ಕಟ್ಟಲು, ರೈಲು ಹಳಿಯ ಕೆಳಗೆ ಹಾಸಲು ಹೋಗುತ್ತಿತ್ತು. ಕಾಡು ಹಾಳು ಮಾಡುವವನು ಯಾರು ಎಂಬ ಪ್ರಶ್ನೆಗೆ ಕಚೇರಿ ಅಂದು ಬರೆದ ಉತ್ತರ ಇಂದಿಗೂ ಬದಲಾಗಿಲ್ಲ: ಕತ್ತಿ ಹಿಡಿದ ಬಡವ. ಗರಗಸ ಹಿಡಿದ ಕಂತ್ರಾಟುದಾರನ ಹೆಸರು ಆ ಉತ್ತರದಲ್ಲಿ ಬರುವುದೇ ಇಲ್ಲ.

1862ರಲ್ಲಿ ಉತ್ತರ ಕನ್ನಡ ಮುಂಬಯಿಗೆ ಸೇರಿತು. 1865ರ, ಅದಕ್ಕಿಂತ ಬಿಗಿಯಾದ 1878ರ ಅರಣ್ಯ ಕಾಯಿದೆಗಳು ಬಂದವು. ಬಾಂದು ಕಲ್ಲು ನೆಟ್ಟು ಇದು ರಿಸರ್ವು, ಇದು ಮೈನರ್ ಎಂದು ಗೆರೆ ಎಳೆದರು. ಗೆರೆ ಎಳೆಯುವಾಗ ಹಕ್ಕಿದ್ದವರು ಬಂದು ಹೇಳಬಹುದು ಎಂದು ಕಾಯಿದೆಯಲ್ಲಿತ್ತು. ಯಾರು ಹೋಗಿ ಹೇಳಿದರು? ಅಡಿಕೆ ತೋಟವಿದ್ದವರಿಗೆ ಗೊಬ್ಬರದ ಸೊಪ್ಪಿಗೆಂದು ತೋಟದ ಒಂದೊಂದು ಎಕರೆಗೆ ಒಂಬತ್ತು ಎಕರೆವರೆಗೆ ಬೆಟ್ಟ ಭೂಮಿಯ ಸವಲತ್ತು ಘಟ್ಟದ ಮೇಲೆ ಸಿಕ್ಕಿತು. ಸೊಪ್ಪಿನ ಬೆಟ್ಟ ಎಂಬ ಹೆಸರಿನಲ್ಲಿ ಅದು ಇಂದಿಗೂ ಉಂಟು. ತೋಟಕ್ಕೆ ಸೊಪ್ಪು ಬೇಕು, ಒಪ್ಪುತ್ತೇವೆ. ಆದರೆ ಆ ಸೊಪ್ಪನ್ನು ಕಡಿದು ಹೊತ್ತು ತಂದು ಹಾಕಿದ ಕೂಲಿಯವನ ಹೊಟ್ಟೆಗೆ ಎಷ್ಟು ಎಕರೆ ಬೇಕು ಎಂದು ಯಾವ ಸೆಟ್ಲಮೆಂಟ್ ಆಫೀಸರನೂ ಲೆಕ್ಕ ಹಾಕಲಿಲ್ಲ. ಒಂದೇ ಕಾಡು, ಒಂದೇ ಕತ್ತಿ. ತೋಟದವನ ಕೈಯಲ್ಲಿ ಅದು ಸವಲತ್ತು, ಕೇರಿಯವನ ಕೈಯಲ್ಲಿ ಜಂಗಲ್ ಕೇಸು.

ಎಲ್ಲ ಅಧಿಕಾರಿಗಳೂ ಒಂದೇ ಎಂದು ಬರೆದರೆ ಚರಿತ್ರೆಗೆ ಮೋಸ ಮಾಡಿದಂತಾಗುತ್ತದೆ. 1920ರ ದಶಕದ ಆರಂಭದಲ್ಲಿ ಕಾಲಿನ್ಸ್ ಎಂಬ ಅಧಿಕಾರಿ ಈ ಜಿಲ್ಲೆಯ ಅರಣ್ಯ ಸೆಟ್ಲಮೆಂಟನ್ನು ಮತ್ತೆ ನೋಡಲು ಬಂದ. ಊರವರೇ ತಮ್ಮ ಕಾಡನ್ನು ಚೆನ್ನಾಗಿ ನೋಡಿಕೊಂಡ ಕಡೆ ಕಾಡನ್ನು ಅವರ ಕೈಯಲ್ಲೇ ಬಿಡುವುದು ಮೇಲು ಎಂದ. ಆ ದಾರಿಯಲ್ಲೇ ಕುಮಟಾ ತಾಲೂಕಿನ ಹಳಕಾರ ಮೊದಲಾದ ಊರುಗಳಲ್ಲಿ ಗ್ರಾಮ ಅರಣ್ಯ ಪಂಚಾಯಿತಿಗಳು ಹುಟ್ಟಿದವು. ಪರದೇಶದ ದೊರೆಯ ನೌಕರನೊಬ್ಬ ಇಷ್ಟು ಬರೆಯಬಲ್ಲವನಾಗಿದ್ದ. ಸ್ವತಂತ್ರ ದೇಶದ ನಮ್ಮ ಸರ್ಕಾರ 1979ರಲ್ಲಿ ಈ ಪಂಚಾಯಿತಿಗಳನ್ನು ಬರಖಾಸ್ತು ಮಾಡಿತು. ಹಳಕಾರದವರು ಕೋರ್ಟಿಗೆ ಹೋಗಿ ತಮ್ಮ ಕಾಡನ್ನು ಉಳಿಸಿಕೊಂಡರು. ಹಾಗಾಗಿ ಅಧಿಕಾರಿ ಹೀಗೇ ನಡೆಯಬೇಕೆಂಬುದು ಹಣೆಬರಹವೇನೂ ಆಗಿಲ್ಲ. ಬೇರೆ ರೀತಿ ನಡೆಯಬಹುದು, ನಡೆದವರಿದ್ದಾರೆ.

1930ರ ಮಾತಿಗೆ ಇನ್ನೊಂದು ಮಾತು ಸೇರಿಸಬೇಕು. 1930ರಿಂದ ಮುಂದಿನ ನಾಲ್ಕು ವರ್ಷ ಅಂಕೋಲೆ, ಸಿದ್ದಾಪುರ ಸೀಮೆಯ ರೈತರು ಕರ ನಿರಾಕರಿಸಿ ಜೈಲಿಗೆ ಹೋದರು. ಸರ್ಕಾರ ಜಮೀನು ಜಪ್ತಿ ಮಾಡಿತು. ಅವರ ತ್ಯಾಗಕ್ಕೆ ನಾವು ತಲೆಬಾಗುತ್ತೇವೆ. 1937ರಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಕಾನೂನನ್ನೇ ಮಾಡಿ ಜಪ್ತಿಯಾದ ಜಮೀನನ್ನು ಮರಳಿಸಿದರು. ಮನಸ್ಸಿದ್ದರೆ ಸರ್ಕಾರಕ್ಕೆ ನೆಲ ಮರಳಿಸಲು ಬರುತ್ತದೆ ಎನ್ನುವುದಕ್ಕೆ ಇದು ಸಾಕ್ಷಿ. ಆದರೆ ಮರಳಿಸಲು ಕಾಗದವಿರಬೇಕು. ಜಪ್ತಿ ಮಾಡಲೂ ಏನೂ ಇಲ್ಲದವನಿಗೆ ಮರಳಿಸುವುದು ಏನನ್ನು?

ಸ್ವಾತಂತ್ರ್ಯ ಬಂತು. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಯೂ ಬಂತು. ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲು ಹುಟ್ಟಿದ್ದು 1955ರಲ್ಲಿ. ಈ ಕಾರ್ಖಾನೆಗೆ ಸರ್ಕಾರ ಬಿದಿರು ಕೊಟ್ಟ ದರ 1958ರಲ್ಲಿ ಟನ್ನಿಗೆ ಒಂದೂವರೆ ರೂಪಾಯಿ. ಬುಟ್ಟಿ ಹೆಣೆದು ಬದುಕುವ ಮೇದಾರನಿಗೆ ಬಜಾರಿನಲ್ಲಿ ಬಿದಿರು ಸಿಗುವ ದರಕ್ಕೂ ಇದಕ್ಕೂ ಆಕಾಶ ಭೂಮಿಯಷ್ಟು ಅಂತರ. ಬಿದಿರು ಮುಗಿಯತೊಡಗಿದಾಗ ಇಲಾಖೆ ಹೇಳಿದ ಕಾರಣ ಹಳೆಯದೇ: ಹಳ್ಳಿಯವರ ದನ ಮೇಯುತ್ತವೆ, ಹಳ್ಳಿಯವರು ಬೆಂಕಿ ಹಚ್ಚುತ್ತಾರೆ. 1970ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡಗೀಳರು ಸಂಗಡಿಗರ ಜೊತೆ ಈ ಕಾಡುಗಳಲ್ಲಿ ಸುತ್ತಿ ನೋಡಿದರು. ಬಿದಿರು ಮೆಳೆಯ ಬುಡದಲ್ಲಿ ಮುಳ್ಳಿನ ಬೇಲಿಯಂಥ ಹೊದಿಕೆ ಇರುತ್ತದೆ. ಮೆಳೆ ಚೆನ್ನಾಗಿ ಬೆಳೆಯಲಿ ಎಂದು ಇಲಾಖೆಯೇ ಆ ಮುಳ್ಳನ್ನು ಸವರಿಸುತ್ತಿತ್ತು. ಮುಳ್ಳು ಹೋದ ಮೇಲೆ ಎಳೆಯ ಕಳಲೆ ದನಕ್ಕೂ ಮಂಗಕ್ಕೂ ಮುಳ್ಳುಹಂದಿಗೂ ಬಾಯಿಗೆ ಸಿಕ್ಕಿತು. ಈ ಮಾತು ಹಳ್ಳಿಯವರಿಗೆ ಮೊದಲೇ ಗೊತ್ತಿತ್ತು. ಆದರೆ ಹಳ್ಳಿಯವರು ಹೇಳಿದರೆ ಅದು ಜ್ಞಾನವಾಗುವುದಿಲ್ಲ. ವಿಜ್ಞಾನಿ ಬಂದು ಬರೆದ ಮೇಲೆ ಆಗುತ್ತದೆ. ದಂಡ ಕಟ್ಟಿದವರು ಮಾತ್ರ ಹಳ್ಳಿಯವರೇ.

ನಮ್ಮ ಮುಂಡಗೋಡಕ್ಕೆ ಬರೋಣ. 1966ರ ಹೊತ್ತಿಗೆ ಟಿಬೇಟಿನಿಂದ ಓಡಿಬಂದ ನಿರಾಶ್ರಿತರಿಗೆಂದು ಮುಂಡಗೋಡದ ಹತ್ತಿರ ಸುಮಾರು 4,000 ಎಕರೆ ಕಾಡುನೆಲವನ್ನು ಸರ್ಕಾರ ಬಿಟ್ಟುಕೊಟ್ಟಿತು. ಅವರ ಮೇಲೆ ನಮಗೆ ಸಿಟ್ಟಿಲ್ಲ. ನೆಲ ಕಳೆದುಕೊಂಡವರ ಸಂಕಟ ನಮಗಿಂತ ಯಾರಿಗೆ ಗೊತ್ತು? ಮನಸ್ಸು ಮಾಡಿದರೆ ಕಾಡುನೆಲದ ಮೇಲೆ ಮನೆ, ಹೊಲ, ಶಾಲೆ ಎಲ್ಲವೂ ಆಗುತ್ತದೆ, ಫೈಲು ಓಡುತ್ತದೆ ಎಂದಷ್ಟೇ ಹೇಳುತ್ತೇವೆ. ಮಳಗಿಯ ಹತ್ತಿರ ಧರ್ಮಾ ಜಲಾಶಯ ಆಯಿತು. ನಮ್ಮ ಕಡೆಯ ನೆಲ ಮುಳುಗಿತು, ನೀರು ಹಾನಗಲ್ಲಿನ ಗದ್ದೆಗೆ ಹರಿಯಿತು. ಸೂಪಾದಲ್ಲಿ ಕಾಳಿಗೆ ಅಣೆಕಟ್ಟಾಯಿತು, ಕೈಗಾದಲ್ಲಿ ಅಣುಸ್ಥಾವರವಾಯಿತು. ಜಿಲ್ಲೆಯ ಸುಮಾರು 10 ಲಕ್ಷ 25 ಸಾವಿರ ಹೆಕ್ಟೇರಿನಲ್ಲಿ 8 ಲಕ್ಷಕ್ಕೂ ಮಿಕ್ಕಿ ಅರಣ್ಯವೆಂದು ದಾಖಲೆ ಹೇಳುತ್ತದೆ. ನೂರಕ್ಕೆ ಎಂಬತ್ತು ಪಾಲು ಅರಣ್ಯವಾದ ಜಿಲ್ಲೆಯಲ್ಲಿ ಭೂಮಿ ಇಲ್ಲದವನು ಎಲ್ಲಿ ನಿಂತರೂ ಅತಿಕ್ರಮಣವೇ. ಅವನು ಉಸಿರಾಡುವುದೂ ಅತಿಕ್ರಮಣದ ಜಾಗದಲ್ಲೇ. 1974ರ ಭೂಸುಧಾರಣೆಯಲ್ಲಿ ಗೇಣಿಗೆ ಮಾಡಿದವನಿಗೆ ಭೂಮಿ ಬಂತು. ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡಿದ ನಮ್ಮವರಿಗೆ ಉಳಿದದ್ದು ಕಾಡಿನ ಅಂಚು.

ಮುಂದಿನದೆಲ್ಲ ತಾರೀಖುಗಳ ಆಳ್ವಿಕೆ. 27 ಏಪ್ರಿಲ್ 1978ಕ್ಕೆ ಮುಂಚೆ ಕಾಡುನೆಲ ಸಾಗು ಮಾಡಿದ್ದರೆ ಸಕ್ರಮ ಎಂದರು. 25 ಅಕ್ಟೋಬರ್ 1980ರಂದು ಅರಣ್ಯ ಸಂರಕ್ಷಣಾ ಕಾಯಿದೆ ಬಂತು, ಇನ್ನು ದಿಲ್ಲಿಯ ಅಪ್ಪಣೆ ಬೇಕು ಎಂದರು. ಕಂದಾಯದ ನೆಲಕ್ಕೆ 14 ಏಪ್ರಿಲ್ 1990 ಎಂದು ಇನ್ನೊಂದು ತಾರೀಖು. ಅದು ಬಾಬಾಸಾಹೇಬರು ಹುಟ್ಟಿ ನೂರನೇ ವರ್ಷಕ್ಕೆ ಕಾಲಿಟ್ಟ ದಿನ. ಅದಕ್ಕೆ ನಮೂನೆ 50, ಆಮೇಲೆ 53, ಆಮೇಲೆ 57. ನಮೂನೆಗಳ ನಂಬರು ಏರುತ್ತ ಹೋಯಿತು. ಬಡವ ತಲಾಠಿಯ ಹತ್ತಿರ ಹೋದರೆ "ಇದು ಫಾರೆಸ್ಟಿಂದು, ಅವರ ಹತ್ರ ಹೋಗು." ಫಾರೆಸ್ಟರನ ಹತ್ತಿರ ಹೋದರೆ "ನಿನ್ನ ಮೇಲೆ ಕೇಸು ಹಾಕದೆ ಬಿಟ್ಟದ್ದೇ ದೊಡ್ಡದು, ನಡೀ." ಎರಡು ಇಲಾಖೆಗಳ ನಕ್ಷೆ ಕೂಡುವುದಿಲ್ಲ. ಒಂದೇ ಸರ್ವೆ ನಂಬರು ಒಂದು ದಫ್ತರದಲ್ಲಿ ಗೋಮಾಳ, ಇನ್ನೊಂದರಲ್ಲಿ ಅರಣ್ಯ. ನಕ್ಷೆ ಕೂಡಿಸುವುದು ಅವರ ಕೆಲಸ. ಅದು ಕೂಡದ್ದಕ್ಕೆ ಶಿಕ್ಷೆ ನಮಗೆ.

ಮಾತಿನಲ್ಲಿರುವ ಈ ವಚನವನ್ನು ಗಮನಿಸಿ ಎಂದು ಓದುಗರನ್ನು ಕೇಳಿಕೊಳ್ಳುತ್ತೇವೆ. ತೋಟದ ರಾಯರು ಕಚೇರಿಗೆ ಬಂದರೆ "ಬರ್ರಿ, ಕೂಡ್ರಿ, ಚಾ ಕುಡೀರಿ." ನಮ್ಮ ಅಜ್ಜಿ ಬಂದರೆ "ಏ ಮುದುಕಿ, ಹೊರಗ ನಿಲ್ಲು." ಪರಿಸರ ನೀತಿಯನ್ನು ಜಾರಿ ಮಾಡುವುದು ಈ ಏಕವಚನ, ಬಹುವಚನದಲ್ಲಿ. ಕಾನೂನಿನ ಪುಸ್ತಕದಲ್ಲಿ ಎಲ್ಲರೂ ಸಮಾನ. ಕಚೇರಿಯ ವ್ಯಾಕರಣದಲ್ಲಿ ಹಾಗಿಲ್ಲ.

1980ರ ದಶಕದಲ್ಲಿ ಹಸಿರು ಎಂಬ ಮಾತು ದೊಡ್ಡದಾಯಿತು. 8 ಸೆಪ್ಟೆಂಬರ್ 1983ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಕಂತ್ರಾಟುದಾರನ ಕೊಡಲಿ ನಿಲ್ಲಿಸಿದರು. ಅಪ್ಪಿಕೊ ಚಳವಳಿ ದೊಡ್ಡ ಕೆಲಸ ಮಾಡಿತು, ಅದನ್ನು ಗೌರವಿಸುತ್ತೇವೆ. 1984ರಲ್ಲಿ ಸರ್ಕಾರ ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯ ಜೊತೆ ಪಾಲುಗೂಡಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಮಾಡಿ, ನಮ್ಮ ಜಿಲ್ಲೆ ಸೇರಿ ನಾಲ್ಕು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ನೆಲವನ್ನು ನೀಲಗಿರಿ ಬೆಳೆಸಲು ಕೊಡಹೊರಟಿತು. ಬಂಜರು ಎಂದು ಅದರ ಹೆಸರು. ಬಡವರ ದನ ಮೇಯುವ ಜಾಗ, ಸೌದೆ ಆರಿಸುವ ಜಾಗ ದಫ್ತರದಲ್ಲಿ ಬಂಜರಾಗಿರುತ್ತದೆ. 14 ನವೆಂಬರ್ 1987ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಸಸಿ ನೆಟ್ಟರು. ಕಿತ್ತಿಕೊ ಹಚ್ಚಿಕೊ ಎಂದು ಅದಕ್ಕೆ ಹೆಸರಾಯಿತು. ಸಮಾಜ ಪರಿವರ್ತನ ಸಮುದಾಯದ ಗೆಳೆಯರು ಮುಂದೆ ನಿಂತರು, ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಹೋದರು. 1991ರಲ್ಲಿ ಕಂಪನಿಯನ್ನು ಮುಚ್ಚಬೇಕಾಯಿತು. ಸಂಘಟನೆಯಾದರೆ ಏನಾಗುತ್ತದೆ ಎನ್ನುವುದಕ್ಕೆ ನಮಗೆ ಹತ್ತಿರದ ಪಾಠ ಇದೇ.

1993ರಲ್ಲಿ ಜಂಟಿ ಅರಣ್ಯ ಯೋಜನೆಯ ಆದೇಶ ಬಂತು. ಊರೂರಿಗೆ ಗ್ರಾಮ ಅರಣ್ಯ ಸಮಿತಿ. ಜನರ ಪಾಲುದಾರಿಕೆ ಎಂದು ಹೆಸರು, ಸಮಿತಿಯ ಕಾರ್ಯದರ್ಶಿ ಇಲಾಖೆಯ ಫಾರೆಸ್ಟರ್. ಯಾವ ಗಿಡ ನೆಡಬೇಕು ಎಂದು ಕೇಳಿದಾಗ ಹೆಂಗಸರು ಹಲಸು, ಮಾವು, ಮುರುಗಲು, ಸೀಗೆ ಎಂದರು. ನೆಟ್ಟದ್ದು ಬಹಳ ಕಡೆ ಅಕೇಶಿಯಾ. ಅದರ ಎಲೆಯನ್ನು ದನ ತಿನ್ನುವುದಿಲ್ಲ. ಗುಂಡಿ ತೋಡಿದವರು ನಾವೇ, ಕೂಲಿಗೆ. ಎಷ್ಟೋ ಕಡೆ ನಮ್ಮವರೇ ಉತ್ತ ನೆಲದಲ್ಲಿ ನಮ್ಮವರ ಕೈಯಿಂದಲೇ ಗುಂಡಿ ತೋಡಿಸಿದರು. ಹೊಟ್ಟೆಯ ಕಷ್ಟಕ್ಕೆ ತೋಡಿದರು. ಇದನ್ನು ಹೇಳಲು ನಮಗೆ ನಾಚಿಕೆಯಿಲ್ಲ, ಹೇಳಿಸುವ ಸ್ಥಿತಿಗೆ ತಂದವರಿಗಿರಬೇಕು.

3 ಮೇ 2002ರಂದು ದಿಲ್ಲಿಯ ಪರಿಸರ ಮಂತ್ರಾಲಯ ಅತಿಕ್ರಮಣದಾರರನ್ನೆಲ್ಲ ಬೇಗ ತೆರವು ಮಾಡಿ ಎಂದು ರಾಜ್ಯಗಳಿಗೆ ಬರೆಯಿತು. ದೇಶದುದ್ದಕ್ಕೂ ಗುಡಿಸಲು ಮುರಿದರು. ಆದಿವಾಸಿಗಳು, ಕಾಡಂಚಿನ ಜನ ಎದ್ದು ನಿಂತರು. ಆ ಹೋರಾಟದ ಫಲವೇ 2006ರ ಅರಣ್ಯ ಹಕ್ಕು ಕಾಯಿದೆ. ಕಾಡಿನ ಜನಕ್ಕೆ ಆದ ಚಾರಿತ್ರಿಕ ಅನ್ಯಾಯವನ್ನು ಸರಿಪಡಿಸಲು ಎಂದು ಅದರ ಪೀಠಿಕೆಯಲ್ಲೇ ಒಪ್ಪಿಕೊಂಡಿದ್ದಾರೆ. 2008ರ ಮೊದಲ ದಿನದಿಂದ ನಿಯಮಗಳು ಜಾರಿಯಾದವು.

ಈಗ ಅಜ್ಜಿಯ ಪ್ರಶ್ನೆಗೆ ಬರೋಣ. ಪರಿಶಿಷ್ಟ ಪಂಗಡದವರು 13 ಡಿಸೆಂಬರ್ 2005ಕ್ಕೆ ಮುಂಚಿನ ಸ್ವಾಧೀನ ತೋರಿಸಿದರೆ ಸಾಕು. ನಮ್ಮ ಜಿಲ್ಲೆಯ ಸಿದ್ದಿಗಳು 2003ರಲ್ಲಿ ಆ ಪಟ್ಟಿಗೆ ಸೇರಿದರು. ನಮ್ಮ ಸಿದ್ದಿ ಅಣ್ಣತಮ್ಮಂದಿರಿಗೆ ಸಿಕ್ಕದ್ದಕ್ಕೆ ನಮಗೆ ಸಂತೋಷವೇ. ದಲಿತರು, ಗೌಳಿಗಳು, ಕುಣಬಿಗಳು ಈ ಜಿಲ್ಲೆಯಲ್ಲಿ 'ಇತರೆ ಪಾರಂಪರಿಕ ಅರಣ್ಯವಾಸಿ'ಗಳ ಸಾಲಿಗೆ ಬಿದ್ದರು. ಇವರಿಗೆ ಮೂರು ತಲೆಮಾರು, ತಲೆಮಾರಿಗೆ ಇಪ್ಪತ್ತೈದು ವರ್ಷದಂತೆ ಎಪ್ಪತ್ತೈದು ವರ್ಷ. ಬೇಲಿಯ ಆಚೆ ಮನೆಗೆ 2005, ಈಚೆ ಮನೆಗೆ 1930.

ಆದರೆ ಕಾಯಿದೆಯ ಮಾತನ್ನು ನಿಧಾನ ಓದಬೇಕು. ಎಪ್ಪತ್ತೈದು ವರ್ಷದಿಂದ ಆ ಕಾಡಿನ ಸೀಮೆಯಲ್ಲಿ ವಾಸ ಮಾಡಿರಬೇಕು, ಹೊಟ್ಟೆಪಾಡಿಗೆ ಅದನ್ನು ನಂಬಿರಬೇಕು ಎನ್ನುತ್ತದೆ ಕಾಯಿದೆ. 'ವ್ಯಕ್ತಿ ಅಥವಾ ಸಮುದಾಯ' ಎನ್ನುತ್ತದೆ. ಇದೇ ಎರಡು ಎಕರೆಯನ್ನು ಎಪ್ಪತ್ತೈದು ವರ್ಷದಿಂದ ಉತ್ತಿರಬೇಕು ಎಂದು ಎಲ್ಲೂ ಇಲ್ಲ. ನೆಲದ ಸ್ವಾಧೀನ 2005ರ ತಾರೀಖಿಗೆ ಮುಂಚೆ ಇದ್ದರಾಯಿತು. ಇನ್ನು ಸಾಕ್ಷಿ. ಹದಿಮೂರನೆಯ ನಿಯಮದಲ್ಲಿ ಸಾಕ್ಷಿಗಳ ಪಟ್ಟಿಯೇ ಇದೆ: ಗೆಜೆಟಿಯರು, ಜನಗಣತಿ, ಸರ್ವೆ ವರದಿ, ರೇಷನ್ ಕಾರ್ಡು, ಓಟಿನ ಕಾರ್ಡು, ಮನೆ, ಗುಡಿಸಲು, ಹಾಕಿದ ಒಡ್ಡು, ಬಾವಿ, ಸುಡುಗಾಡು, ದೇವರ ಜಾಗ, ವಂಶಾವಳಿ, ಹಕ್ಕು ಕೇಳಿದವನನ್ನು ಬಿಟ್ಟು ಬೇರೆ ಹಿರಿಯರು ಹೇಳಿ ಬರೆಸಿದ ಮಾತು. ಇವುಗಳಲ್ಲಿ ಎರಡು ಇದ್ದರೆ ಸಾಕು. ಇಂಥದೇ ಕಾಗದ ಬೇಕು ಎಂದು ಹಟ ಹಿಡಿಯಬಾರದು ಎಂದು 2012ರ ತಿದ್ದುಪಡಿಯಲ್ಲಿ ಬರೆದಿದ್ದಾರೆ. ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು, ಅಪೀಲಿಗೆ ಅರವತ್ತು ದಿನ ಬಿಡಬೇಕು, ಎಲ್ಲ ಮುಗಿಯುವವರೆಗೆ ಒಕ್ಕಲೆಬ್ಬಿಸಬಾರದು.

ಕಾನೂನು ಇಷ್ಟು ಹೇಳಿದ ಮೇಲೂ ಬಹಳ ಕಡೆ ನಡೆದದ್ದೇನು? ಗ್ರಾಮಸಭೆ ಒಪ್ಪಿದ ಅರ್ಜಿಗಳನ್ನು ಮೇಲಿನ ಸಮಿತಿಗಳಲ್ಲಿ ಕಟ್ಟುಕಟ್ಟಾಗಿ ತಿರಸ್ಕರಿಸಿದರು. ಕಾರಣದ ಜಾಗದಲ್ಲಿ ಒಂದೇ ಸಾಲು: ಎಪ್ಪತ್ತೈದು ವರ್ಷದ ದಾಖಲೆ ಇಲ್ಲ. ಹಿರಿಯರ ಮಾತು ಬರೆದುಕೊಳ್ಳಲಿಲ್ಲ. ಸುಡುಗಾಡು ನೋಡಲಿಲ್ಲ. ಕರ್ನಾಟಕದಲ್ಲಿ ಮೂರು ಲಕ್ಷದ ಹತ್ತಿರ ಅರ್ಜಿ ಬಿದ್ದವು, ಹಕ್ಕುಪತ್ರ ಸಿಕ್ಕದ್ದು ಹದಿನಾರು ಸಾವಿರದ ಆಸುಪಾಸು. 13 ಫೆಬ್ರವರಿ 2019ರಂದು ಸುಪ್ರೀಂ ಕೋರ್ಟು, ತಿರಸ್ಕೃತರಾದವರನ್ನು ತೆರವು ಮಾಡಿ ಎಂದಿತು. ದೇಶವೆಲ್ಲ ಕೂಗೆದ್ದ ಮೇಲೆ 28ರಂದು ತನ್ನ ಆದೇಶವನ್ನೇ ತಡೆದು, ತಿರಸ್ಕರಿಸಿದ್ದು ಸರಿಯಾದ ಕ್ರಮದಲ್ಲೇ ಎಂದು ರಾಜ್ಯಗಳನ್ನು ಕೇಳಿತು. ಆ ಹದಿನೈದು ದಿನ ನಮ್ಮ ಕೇರಿಗಳಲ್ಲಿ ಜನ ನಿದ್ದೆ ಮಾಡಲಿಲ್ಲ.

ಕಾಯಿದೆ ಮೀರಿದ ಅಧಿಕಾರಿಗೂ ಶಿಕ್ಷೆಯುಂಟು. ಏಳನೆಯ ಕಲಮಿನಲ್ಲಿದೆ: ಹೆಚ್ಚೆಂದರೆ ಒಂದು ಸಾವಿರ ರೂಪಾಯಿ ದಂಡ. ಬಡವ ಕಾಡಿಗೆ ತಪ್ಪು ಮಾಡಿದರೆ ಜೈಲು, ಸಾಹೇಬ ಬಡವನಿಗೆ ತಪ್ಪು ಮಾಡಿದರೆ ಸಾವಿರ ರೂಪಾಯಿ. ಅದನ್ನಾದರೂ ಕಟ್ಟಿದವರನ್ನು ನಾವು ಕಂಡಿಲ್ಲ.

ಅಧಿಕಾರಿ ಯಾಕೆ ಹೀಗೆ ನಡೆಯುತ್ತಾನೆ? ಅವನು ರಾಕ್ಷಸನೆಂದು ಬೈದು ಸುಮ್ಮನಾಗುವುದು ಸುಲಭ. ಯೋಚನೆ ಮಾಡಿದರೆ ತಿಳಿಯುತ್ತದೆ. ಹಕ್ಕು ಕೊಟ್ಟ ಅಧಿಕಾರಿಯ ಮೇಲೆ ನಾಳೆ ವಿಚಾರಣೆ ಬರಬಹುದು. ತಿರಸ್ಕರಿಸಿದವನ ಮೇಲೆ ಬರುವುದಿಲ್ಲ. ಕೊಡುವ ಸಹಿಗೆ ಭಯವಿದೆ, ಕೊಡದ ಸಹಿಗೆ ಭಯವಿಲ್ಲ. ಮೇಲಿನವನು ಕೇಳುವುದು ಎಷ್ಟು ಹೆಕ್ಟೇರ್ ಅತಿಕ್ರಮಣ ತೆರವಾಯಿತು ಎಂದು, ಎಷ್ಟು ಜನಕ್ಕೆ ನ್ಯಾಯ ಸಿಕ್ಕಿತು ಎಂದಲ್ಲ. ಅವನ ಕೆಳಗಿರುವ ವಾಚರನೋ, ದಿನಗೂಲಿಯ ಬಡವ, ಎಷ್ಟೋ ಸಲ ನಮ್ಮ ಕೇರಿಯವನೇ. ಗುಡಿಸಲು ಕೀಳುವ ದಿನ ಮುಂದೆ ನಿಲ್ಲಿಸುವುದು ಅವನನ್ನೇ. ನಮ್ಮ ಕೈಯಿಂದ ನಮ್ಮ ಕಣ್ಣನ್ನು ಚುಚ್ಚಿಸುವ ಏರ್ಪಾಡು ಇದು. ಹಾಗಾಗಿ ಒಬ್ಬ ಗಾರ್ಡನನ್ನು ವರ್ಗ ಮಾಡಿಸಿದರೆ ಇದು ಮುಗಿಯುವುದಿಲ್ಲ. ಕೊಡದ ಸಹಿಗೂ ಲೆಕ್ಕ ಕೊಡಬೇಕಾದ ದಿನ ಬರಬೇಕು. ಅದನ್ನು ತರುವುದು ಗ್ರಾಮಸಭೆಯಲ್ಲಿ ಕೂತು ಕೇಳುವ ಜನ.

ಹಳ್ಳಿಯ ಮಾಸ್ತರರೇ, ಕಾಲೇಜಿನ ಗೆಳೆಯರೇ, ಸಂಘಟನೆಯ ಸಂಗಾತಿಗಳೇ, ನಿಮ್ಮಿಂದ ಆಗುವ ಕೆಲಸವಿದೆ. ಶಾಲೆಯ ಹಳೇ ದಾಖಲಾತಿ ಪುಸ್ತಕ ನಿಮ್ಮ ಕಪಾಟಿನಲ್ಲಿದೆ. ಅದರಲ್ಲಿ ಯಾವ ಕೇರಿಯ ಯಾವ ಮಗು ಯಾವ ವರ್ಷ ಬಂತು ಎಂದಿದೆ. 1883ರ ಮುಂಬಯಿ ಗೆಜೆಟಿಯರಿನ ಕನ್ನಡ ಜಿಲ್ಲೆಯ ಸಂಪುಟದಲ್ಲಿ ಇಲ್ಲಿ ಬಾಳಿದ ಜನರ ವಿವರ ಜಾತಿ ಜಾತಿಯಾಗಿ ಇದೆ. ನಮ್ಮನ್ನು ಕೀಳಾಗಿ ಎಣಿಸಲು ಬರೆದ ಪುಸ್ತಕ ನಾವು ಇಲ್ಲಿದ್ದೆವು ಎನ್ನುವುದಕ್ಕೆ ಸಾಕ್ಷಿಯಾಗಲಿ. ಕೇರಿಯ ಮುದುಕರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವರು ಹೋಗುವ ಮುಂಚೆ ಅವರ ಮಾತನ್ನು ಬರೆದುಕೊಳ್ಳಿ, ಹೆಬ್ಬೆಟ್ಟು ಹಾಕಿಸಿ, ಗ್ರಾಮಸಭೆಯ ನಡಾವಳಿಯಲ್ಲಿ ಸೇರಿಸಿ. ತಿರಸ್ಕಾರದ ಕಾಗದ ಬಂದರೆ ಅಳಬೇಡಿ, ಅದರ ತಾರೀಖು ನೋಡಿ, ಅರವತ್ತು ದಿನ ಎಣಿಸಿ.

ನಾವು ಅಜ್ಜಿಯ ಹತ್ತಿರ ಮತ್ತೆ ಹೋದೆವು. ಆ ಹರಿದ ದಂಡದ ಪಾವತಿಗಳನ್ನು ಬಿಡಿಸಿ ನೋಡಿದೆವು. ಒಂದರ ಮೇಲೆ 1980ರ ದಶಕದ ತಾರೀಖು ಇನ್ನೂ ಕಾಣುತ್ತಿತ್ತು. ಕಳ್ಳನೆಂದು ಗಂಡನ ಹೆಸರು ಬರೆದ ಕಾಗದ ಇಂದು ಅದೇ ನೆಲ ಅವನ ಸ್ವಾಧೀನದಲ್ಲಿತ್ತೆಂದು ಸಾಕ್ಷಿ ಹೇಳುತ್ತದೆ. ಕೊಟ್ಟವರು ಅವರೇ, ಇಲ್ಲವೆನ್ನಲು ಆಗುವುದಿಲ್ಲ. ಇನ್ನು ಎಪ್ಪತ್ತೈದು ವರ್ಷ? ಅವಳು ನಮ್ಮನ್ನು ಕೇರಿಯ ಹಿಂದಕ್ಕೆ ಕರೆದುಕೊಂಡು ಹೋದಳು. ಮತ್ತಿ ಮರದ ಕೆಳಗೆ ಸಾಲಾಗಿ ಕಲ್ಲು. "ಇದು ನಮ್ಮ ಮಾವಂದು, ಅದು ಅವರ ಅವ್ವಂದು, ಆ ಕಡೀದು ಅವರ ಅಜ್ಜಂದು" ಎಂದು ಒಂದೊಂದನ್ನೂ ಮುಟ್ಟಿ ಹೇಳಿದಳು.

ನಾವು ಚೀಲದಿಂದ ಪೆನ್ನು ತೆಗೆದು, ಮೊದಲ ಕಲ್ಲಿನಿಂದ ಬರೆಯತೊಡಗಿದೆವು.